ಸೊಲ್ಲಾಪುರ ಸಾಕಿದ್ದು ಯಾರನ್ನು?

ಸೊಲ್ಲಾಪುರವನ್ನು ವಲಸಿಗರ ತವರು ಎಂದು ಹೊಗಳುವುದು ರೂಢಿ. ಹೊಗಳಿಕೆಯಲ್ಲಿ ಸುಳ್ಳಿಲ್ಲ. 1860ರಲ್ಲಿ ರೈಲು ಬಂತು, 1877ರಲ್ಲಿ ಜೂನಿ ಮಿಲ್ ಎಂಬ ಹತ್ತಿ ಗಿರಣಿ ಶುರುವಾಯಿತು. ಅದೇ ಹೊತ್ತಿಗೆ 1876-78ರ ಬರ ದಖ್ಖನ್ನಿನ ಹಳ್ಳಿಗಳನ್ನು ಬರಿದು ಮಾಡಿತ್ತು. ನಿಜಾಮ ಸೀಮೆಯಿಂದ ತೆಲುಗಿನ ಪದ್ಮಶಾಲಿ ನೇಕಾರರು ಬಂದರು, ಅಕ್ಕಲಕೋಟೆ ಕಡೆಯ ಹಳ್ಳಿಗಳಿಂದ ಕನ್ನಡದ ಕೂಲಿಗಳು ಬಂದರು. ಊರು ಬೆಳೆಯಿತು, ಚಾದರ ಹೆಸರು ಮಾಡಿತು. ಆದರೆ ಈ ಕಥೆಯಲ್ಲಿ ಗಿರಣಿ ಕಟ್ಟಿದವರಿಗೆ ಹೆಸರಿದೆ, ಮಗ್ಗದ ಮುಂದೆ ಕೂತ ಗಂಡಸಿಗೆ ಒಂದಿಷ್ಟು ಜಾಗವಿದೆ, ಅವನ ಜೊತೆ ಬಂದ ಮನೆಮಂದಿಗೆ ಏನೂ ಇಲ್ಲ. ನನ್ನ ತಕರಾರು ಇಲ್ಲಿಯೇ.

ಕೈಮಗ್ಗ ಒಬ್ಬನಿಂದ ನಡೆಯುವುದಿಲ್ಲ. ನೂಲು ಬಿಡಿಸಬೇಕು, ಕಂಡಿಕೆ ಸುತ್ತಬೇಕು, ಹಾಸು ಹೂಡಬೇಕು. ಹೆಂಡತಿ, ತಾಯಿ, ಮಕ್ಕಳು ಈ ಕೆಲಸಕ್ಕೆ ಕೂತರೇ ಗಂಡಸಿನ ಕೈಗೆ ಲಾಳಿ ಬರುವುದು. ಕೂಲಿ ಮಾತ್ರ ನೇಯ್ದ ಬಟ್ಟೆಯ ಲೆಕ್ಕಕ್ಕೆ, ಅದೂ ಒಬ್ಬನ ಕೈಗೆ. ಹಾಗಾಗಿ ಮಗ್ಗದ ಮಾಲೀಕನಿಗೆ ಕುಟುಂಬ ಸಮೇತ ಬಂದ ನೇಕಾರನೇ ಲಾಭದವನು. ಇದನ್ನು ಆಶ್ರಯ ಎನ್ನುವ ಮೊದಲು ಯಾರು ಯಾರನ್ನು ಸಾಕಿದರು ಎಂದು ಕೇಳಬೇಕು.

ಈ ಲೆಕ್ಕಾಚಾರ ಸೊಲ್ಲಾಪುರಕ್ಕೆ ಮಾತ್ರ ಸೇರಿದ್ದಲ್ಲ. ಇಂಗ್ಲೆಂಡಿನಲ್ಲಿ 1834ರ ಬಡವರ ಕಾಯ್ದೆ, ಊರಿನ ತೆರಿಗೆ ಹಣದಿಂದಲೇ ಬಡ ಕುಟುಂಬಗಳನ್ನು ವಸಾಹತುಗಳಿಗೆ ಕಳಿಸಲು ದಾರಿ ಮಾಡಿತು. ಆಸ್ಟ್ರೇಲಿಯಾಕ್ಕೆ ಸರ್ಕಾರಿ ಖರ್ಚಿನ ಹಡಗು ಹತ್ತಲು ದುಡಿಯುವ ವಯಸ್ಸಿನ ದಂಪತಿಗಳಿಗೆ ಆದ್ಯತೆ. ಚಿಕ್ಕ ಮಕ್ಕಳು ಹೆಚ್ಚಿದ್ದವರೆಂದರೆ ಅಧಿಕಾರಿಗಳಿಗೆ ಹಿಂಜರಿಕೆ. ಅಲ್ಲಿಯೂ ಕುಟುಂಬವನ್ನು ತೂಗಿದ್ದು ದುಡಿಮೆಯ ತಕ್ಕಡಿಯಲ್ಲೇ. ಒಂದು ವ್ಯತ್ಯಾಸ ದೊಡ್ಡದು: ಆಸ್ಟ್ರೇಲಿಯಾಕ್ಕೆ ಹೋದವರಲ್ಲಿ ಕೆಲವರಿಗೆ ಅಲ್ಲಿನ ಮೂಲನಿವಾಸಿಗಳಿಂದ ಕಿತ್ತ ಭೂಮಿ ಸಿಕ್ಕಿತು. ಸೊಲ್ಲಾಪುರಕ್ಕೆ ಬಂದವರಿಗೆ ಬಾಡಿಗೆಯ ಕೋಣೆಯಷ್ಟೇ.

ಅದೇ ಬ್ರಿಟಿಷ್ ಸಾಮ್ರಾಜ್ಯ ಸೊಲ್ಲಾಪುರದಲ್ಲಿ ಇನ್ನೂ ಕ್ರೂರವಾದ ಒಂದು ಪ್ರಯೋಗ ಮಾಡಿತು. ಅಪರಾಧಿ ಬುಡಕಟ್ಟು ಕಾಯ್ದೆಯ ಬಲದಿಂದ ಕೈಕಾಡಿ, ಪಾರಧಿ ಮುಂತಾದ ಸಮುದಾಯಗಳ ಕುಟುಂಬಗಳನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸೆಟ್ಲಮೆಂಟ್ ಎಂಬ ವಸತಿಯ ತಂತಿ ಬೇಲಿಯೊಳಗೆ ಕೂಡಿಹಾಕಿ ಗಿರಣಿ ಕೆಲಸಕ್ಕೆ ಹಚ್ಚಿದರು. ಹಾಜರಿ ಹಾಕದೆ ಹೊರಗೆ ಕಾಲಿಡುವಂತಿರಲಿಲ್ಲ. ಇದಕ್ಕೆ ಅವರು ಕೊಟ್ಟ ಹೆಸರು ಸುಧಾರಣೆ. ದೇಶದಾದ್ಯಂತ ಕಾಯ್ದೆ ರದ್ದಾದದ್ದು 1952ರಲ್ಲಿ.

ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಊರಿನ ಪೂರ್ವ ಭಾಗದ ಎಷ್ಟೋ ಮನೆಗಳನ್ನು ನಡೆಸಿದ್ದು ಬೀಡಿ ಕಟ್ಟಿದ ಹೆಂಗಸರು. ಎಲೆ ಕತ್ತರಿಸಿ, ತಂಬಾಕು ತುಂಬಿ, ದಾರ ಸುತ್ತಿ, ಸಾವಿರಕ್ಕಿಷ್ಟು ಎಂದು ಕೂಲಿ. ಕೆಟ್ಟದ್ದೆಂದು ತೆಗೆದುಹಾಕಿದ ಬೀಡಿಗೆ ಕೂಲಿಯಿಲ್ಲ. ಇವರ ಚಳವಳಿಯಿಂದಲೇ ಅಕ್ಕಲಕೋಟೆ ರಸ್ತೆಯ ಕುಂಭಾರಿಯಲ್ಲಿ ಮೊದಲು ಕಮ್ಯುನಿಸ್ಟ್ ನಾಯಕಿ ಗೋದುತಾಯಿ ಪರುಳೇಕರ ಹೆಸರಿನ ಹತ್ತು ಸಾವಿರ ಮನೆಗಳು ಎದ್ದವು. ಆಮೇಲೆ ಕಾರ್ಮಿಕ ನಾಯಕ ನರಸಯ್ಯ ಆಡಮ್ ಮುಂದಾಳುತನದಲ್ಲಿ 30,000 ಮನೆಗಳ ರಾಯನಗರ ರೂಪುಗೊಂಡಿತು. ಅದರಲ್ಲಿ 15,000 ಮನೆಗಳನ್ನು 2024ರ ಜನವರಿಯಲ್ಲಿ ಹಸ್ತಾಂತರಿಸಲಾಯಿತು. ಈ ಊರಿನ ವಲಸೆಯ ಇತಿಹಾಸದಲ್ಲಿ ನಾನು ತಲೆಬಾಗುವ ಸಾಧನೆ ಇದು. ದಯೆಯಿಂದ ಸಿಕ್ಕಿದ್ದಲ್ಲ, ಬೀದಿಗಿಳಿದು ಪಡೆದದ್ದು. ಆದರೂ ಮನೆ ಬಂದ ಮಾತ್ರಕ್ಕೆ ಕೂಲಿ ಬದಲಾಗುವುದಿಲ್ಲ. ಸ್ವಂತ ಸೂರಿನಡಿ ಕೂತರೂ ಸಾವಿರದ ಲೆಕ್ಕ ತಪ್ಪದು.

ಕರ್ನಾಟಕ-ಮಹಾರಾಷ್ಟ್ರ ಗಡಿ ವಿಷಯ ಬಂದಾಗಲೆಲ್ಲ ನಾವು 1967ರ ಮಹಾಜನ ವರದಿ ತೆಗೆಯುತ್ತೇವೆ, ಅಕ್ಕಲಕೋಟೆಯ ಕನ್ನಡಿಗರ ತಲೆ ಎಣಿಸುತ್ತೇವೆ. ಎಣಿಸುವುದು ತಪ್ಪಲ್ಲ. ಆದರೆ ಅಕ್ಕಲಕೋಟೆಯಿಂದ ಗಿರಣಿಗೆ ಹೋದ ಕನ್ನಡದ ಕೂಲಿಯೂ ತೆಲಂಗಾಣದಿಂದ ಬಂದ ನೇಕಾರನ ಹೆಂಡತಿಯೂ ಹೇಗೆ ಬದುಕಿದರು ಎಂದು ಕೇಳಿ ಬರೆದುಕೊಂಡವರು ನಮ್ಮಲ್ಲಿ ತೀರಾ ಕಡಿಮೆ. ಗಿರಣಿಯ ಭೋಂಗಾ (ಸೈರನ್) ಕೇಳಿ ಬೆಳೆದ ಹಿರಿಯರು ಇನ್ನೂ ಇದ್ದಾರೆ. ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಮೇಷ್ಟ್ರುಗಳು, ವಿದ್ಯಾರ್ಥಿಗಳು ಅವರ ಬಳಿ ಕೂತು ಕೇಳಲಿ, ಮೊದಲು ಹೆಂಗಸರನ್ನು ಕೇಳಲಿ.