ಕಾಲೇಜಿನ ಸ್ವ-ಅಧ್ಯಯನ ವರದಿ: ಒಂದು ವಿಮರ್ಶೆ

ಸಾರ್ವಜನಿಕ ಹಣದಿಂದ ನಡೆಯುವ ಕಾಲೇಜು ಸರ್ಕಾರಕ್ಕೆ ಲೆಕ್ಕ ಒಪ್ಪಿಸತಕ್ಕದ್ದೆಂಬುದರಲ್ಲಿ ವಿವಾದವಿಲ್ಲ. ೧೮೫೪ರ ವುಡ್ ನಿರೂಪವು ಸಹಾಯಧನದ ಪದ್ಧತಿಯನ್ನು ವಿಧಿಸಿದಾಗಲೇ ತಪಾಸಣೆಯನ್ನೂ ಅದರೊಡನೆ ಬೆಸೆದಿತ್ತು. ನಮ್ಮ ಪ್ರಶ್ನೆ ಬೇರೆ: ಆ ಲೆಕ್ಕದ ಬರವಣಿಗೆ ಎಂತಹುದು? ೧೯೯೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತಿಗೆ, ಎಂದರೆ ಬಳಕೆಯ ಮಾತಿನ ನ್ಯಾಕ್‌ಗೆ, ನಮ್ಮ ಕಾಲೇಜುಗಳು ಸಲ್ಲಿಸುತ್ತ ಬಂದಿರುವ ಸ್ವ-ಅಧ್ಯಯನ ವರದಿಯನ್ನು ಒಂದು ಕೃತಿಯಂತೆ ಓದಿ ನೋಡುವುದು ಈ ಲೇಖನದ ಉದ್ದೇಶ.

೨೦೧೭ರಲ್ಲಿ ಪರಿಷ್ಕೃತವಾದ ಕ್ರಮದಲ್ಲಿ ಸಂಯೋಜಿತ ಕಾಲೇಜಿಗೆ ಏಳು ಮಾನದಂಡಗಳನ್ನೂ ಒಟ್ಟು ೧೦೦೦ ಅಂಕಗಳನ್ನೂ ಗೊತ್ತುಪಡಿಸಲಾಯಿತು. ಬೋಧನೆ, ಕಲಿಕೆ, ಮೌಲ್ಯಮಾಪನಗಳಿಗೆ ಅದರಲ್ಲಿ ೩೫೦. ಇದು ಮೆಚ್ಚತಕ್ಕ ವಿಷಯವೇ ಸರಿ. ಆದರೆ ಅದೇ ಭಾಗದ ಒಂದು ಅಂಕಣವನ್ನು ನೋಡೋಣ: ಮಂಜೂರಾದ ಹುದ್ದೆಗಳಿಗೆದುರಾಗಿ ಪೂರ್ಣಕಾಲಿಕ ಅಧ್ಯಾಪಕರು ಶೇಕಡಾ ಎಷ್ಟು? ಸರ್ಕಾರಿ ಕಾಲೇಜಿನ ಪ್ರಾಂಶುಪಾಲರಿಗೆ ಒಬ್ಬ ಖಾಯಂ ಅಧ್ಯಾಪಕರನ್ನೂ ನೇಮಿಸಿಕೊಳ್ಳುವ ಅಧಿಕಾರವಿಲ್ಲ. ನೇಮಿಸಬೇಕಾದದ್ದು ಸರ್ಕಾರ, ಅಂಕ ಕಳೆದುಕೊಳ್ಳುವುದು ಕಾಲೇಜು! ೨೦೨೧ರಲ್ಲಿ ೧೨೪೨ ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅರ್ಜಿ ಕರೆದ ಕಾಲಕ್ಕೆ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರ ಸಂಖ್ಯೆ ಹತ್ತು ಸಾವಿರವನ್ನು ಮೀರಿತ್ತು. ಚಿಕ್ಕಬಳ್ಳಾಪುರ ತಾಲೂಕಿನ ಮಂಡಿಕಲ್ ಹೋಬಳಿಯಿಂದ ಬಸ್ಸು ಹಿಡಿದು ಪದವಿ ತರಗತಿಗೆ ಬರುವ ವಿದ್ಯಾರ್ಥಿನಿಯೊಬ್ಬಳು ಪಾಠವಿಲ್ಲದೆ ಹಿಂದಿರುಗಿದರೆ, ಆ ನಷ್ಟವು ವರದಿಯ ಯಾವ ಅಂಕಣದಲ್ಲಿಯೂ ಸರ್ಕಾರದ ಹೆಸರಿಗೆ ಬರೆಯಲ್ಪಡುವುದಿಲ್ಲ.

ನಮ್ಮ ನಾಡಿನಲ್ಲಿ ವಿದ್ಯಾದಾನದ ಲೆಕ್ಕವನ್ನು ಬೇರೊಂದು ರೀತಿಯಲ್ಲಿ ಬರೆದ ಉದಾಹರಣೆಯುಂಟು. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನಕ್ಕೆ ಸಂಬಂಧಿಸಿದ ೧೦೫೮ರ ಶಾಸನವು ವೇದ ಶಾಸ್ತ್ರಗಳ ಉಪಾಧ್ಯಾಯರನ್ನೂ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೇಳಿ, ಅವರ ಜೀವಿತಕ್ಕೆ ಭೂಮಿಯನ್ನು ವಿಂಗಡಿಸಿಕೊಡುತ್ತದೆ. ಮೊದಲು ದಾತೃವಿನ ಹೊಣೆ; ಆಮೇಲೆ ಪ್ರತಿಗ್ರಾಹಿಯ ಹೊಣೆ. ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯವಂತೂ ದತ್ತಿಯನ್ನು ಅಪಹರಿಸಿದವನು ಅರಸನೇ ಆದರೂ ಅವನನ್ನು ಬಿಡುವುದಿಲ್ಲ. ಆ ಘಟಿಕೆಯ ಬಾಗಿಲು ಊರಿನ ಎಲ್ಲ ಮಕ್ಕಳಿಗೂ ತೆರೆದಿರಲಿಲ್ಲವೆಂಬುದನ್ನು ಮರೆತು ನಾವು ಅದನ್ನು ಹೊಗಳಬೇಕಾಗಿಲ್ಲ. ನಾವಿಲ್ಲಿ ಗಮನಿಸುತ್ತಿರುವುದು ಬರವಣಿಗೆಯ ವಿನ್ಯಾಸವನ್ನು ಮಾತ್ರ.

ಸ್ವ-ಅಧ್ಯಯನ ವರದಿಯಲ್ಲಿ ದಾತೃವೇ ಕಾಣೆಯಾಗಿದ್ದಾನೆ. ಉಳಿದಿರುವುದು ಆತ್ಮಪ್ರಶಂಸೆ ಹಾಗೂ ಭಾವಚಿತ್ರಗಳ ರಾಶಿ. (ಗಿಡ ನೆಟ್ಟ ದಿನದ ಭಾವಚಿತ್ರಕ್ಕೆ ಸ್ಥಳವುಂಟು, ಗಿಡ ಉಳಿಯಿತೆ ಎಂಬುದಕ್ಕಿಲ್ಲ.) ಅಧ್ಯಾಪಕರು ಪಾಠದ ಹೊತ್ತನ್ನು ಕಳೆದು ಇದನ್ನು ಬರೆಯುತ್ತಾರೆ. ಮಂಡಿಕಲ್ಲಿನ ತಂದೆತಾಯಿಗಳು ಓದಬಲ್ಲ ಕನ್ನಡದಲ್ಲಿ ಇದು ಸಿಗುವುದು ಅಪರೂಪ.

ಸರ್ಕಾರದ ಗಣನೀಯ ನೆರವು ಪಡೆಯುವ ಖಾಸಗಿ ಕಾಲೇಜುಗಳೂ ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಗೆ ಒಳಪಡುತ್ತವೆಂದು ಸರ್ವೋಚ್ಚ ನ್ಯಾಯಾಲಯವು ೨೦೧೯ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು. ಎಂದಮೇಲೆ ಕೇಳುವ ಹಕ್ಕು ಊರಿನವರಿಗೂ ಇದೆಯೆಂದಾಯಿತು. ಕೇಳುವವರಿಗೆ ನೆರವಾಗುವಂತೆ ಈ ವರದಿಗೆ ಇನ್ನೊಂದು ಪುಟವನ್ನು ಸೇರಿಸಬಹುದು: ಹುದ್ದೆ ಯಾವಾಗ ತೆರವಾಯಿತು, ಅದನ್ನು ತುಂಬಬೇಕೆಂದು ಪ್ರಾಂಶುಪಾಲರು ಎಂದು ಬರೆದರು, ಇಲಾಖೆಯ ಉತ್ತರ ಯಾವ ತಾರೀಖಿನದು, ಅಷ್ಟರಲ್ಲಿ ಎಷ್ಟು ಗಂಟೆಗಳ ಪಾಠ ನಿಂತಿತು.