ಕತ್ತಲೆಯ ನಾಯಕನೂ ಒಳ್ಳೆಯ ಸುಳ್ಳೂ

ಕಳೆದ ಬೇಸಿಗೆಯ ರಜೆಯಲ್ಲಿ ಹುಮನಾಬಾದಿನ ಬಂಧುಗಳ ಮನೆಯಲ್ಲಿ ಒಂದು ರಾತ್ರಿ ಉಳಿಯುವ ಸಂದರ್ಭ ಒದಗಿತು. ಬಸವಕಲ್ಯಾಣದಿಂದಲೂ ಎರಡು ಕುಟುಂಬಗಳು ಬಂದಿದ್ದವು. ಜೋಳದ ರೊಟ್ಟಿ, ಪುಂಡಿಪಲ್ಯದ ಊಟ ಮುಗಿದು ಹಿರಿಯರು ಎಲೆಯಡಿಕೆಗೆ ಕುಳಿತಾಗ ಹುಡುಗರು ಟಿ.ವಿ.ಯಲ್ಲಿ ಒಂದು ಇಂಗ್ಲಿಷ್ ಚಿತ್ರದ ಹಿಂದಿ ಅವತರಣಿಕೆಯನ್ನು ಹಾಕಿದರು. ಅದು ಕ್ರಿಸ್ಟೋಫರ್ ನೋಲನ್ ನಿರ್ದೇಶಿಸಿ, 2008ರ ಜುಲೈಯಲ್ಲಿ ತೆರೆಕಂಡ ‘ದಿ ಡಾರ್ಕ್ ನೈಟ್’. ಎರಡೂವರೆ ಗಂಟೆಯ ಚಿತ್ರ ಮುಗಿಯುವಾಗ ನಡುರಾತ್ರಿಯಾಗಿತ್ತು. ಆದರೂ ಯಾರೂ ಏಳಲಿಲ್ಲ. ಚಿತ್ರಕ್ಕಿಂತ ಅದರ ಮೇಲಿನ ಮಾತೇ ದೊಡ್ಡದಾಯಿತು. ಆ ರಾತ್ರಿಯ ಅಭಿಪ್ರಾಯಗಳನ್ನೂ, ಅವು ನನ್ನಲ್ಲಿ ಎಬ್ಬಿಸಿದ ಚಿಂತನೆಯನ್ನೂ ಓದುಗ ಕುಟುಂಬಗಳೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ನನ್ನ ಪೀಳಿಗೆಯವರು ಚಿತ್ರಕಥೆಗಳನ್ನು ಕಂಡದ್ದು ಬೇರೆ ರೀತಿಯಲ್ಲಿ. ನಮ್ಮ ಕಾರ್ಕಳದಲ್ಲಿ 1929ರಲ್ಲಿ ಜನಿಸಿದ ಅನಂತ ಪೈಯವರು 1967ರಲ್ಲಿ ಆರಂಭಿಸಿದ ಅಮರ ಚಿತ್ರಕಥೆಯ ಪುಟಗಳಲ್ಲಿ ಒಳ್ಳೆಯವನ ಮುಖ ನೋಡಿದೊಡನೆ ಗುರುತು ಸಿಗುತ್ತಿತ್ತು, ಕೆಟ್ಟವನದೂ ಹಾಗೆಯೇ. ಅಮೆರಿಕದಲ್ಲಿ ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಸೃಷ್ಟಿಸಿ 1939ರಲ್ಲಿ ಅಚ್ಚಾದ ಬ್ಯಾಟ್‌ಮನ್ ಮಾತ್ರ ಮೊದಲಿನಿಂದಲೂ ಇರುಳಿನ ಮನುಷ್ಯ. ಬಾಲ್ಯದಲ್ಲಿ ಕಣ್ಣೆದುರೇ ತಂದೆತಾಯಿಗಳ ಕೊಲೆಯನ್ನು ಕಂಡವನು. ಬಾವಲಿಯ ವೇಷ ತೊಟ್ಟು ಪಾತಕಿಗಳನ್ನು ಬೆನ್ನಟ್ಟುವವನು. ಅವನ ಶತ್ರು ಜೋಕರ್ ಮರುವರ್ಷವೇ, 1940ರಲ್ಲಿ ಹುಟ್ಟಿಕೊಂಡ. 1966ರ ಟೆಲಿವಿಷನ್ ಸರಣಿ ಇವರನ್ನು ಬಣ್ಣಬಣ್ಣದ ವಿನೋದವಾಗಿ ತೋರಿಸಿತು. 1986ರಲ್ಲಿ ಫ್ರಾಂಕ್ ಮಿಲ್ಲರ್ ಬರೆದ ಚಿತ್ರಕಥೆ ಮತ್ತೆ ಕತ್ತಲೆಗೆ ಕರೆದೊಯ್ದಿತು. ನೋಲನ್ನನ ಚಿತ್ರ ಈ ಎರಡನೆಯ ದಾರಿಯದು.

ಕಥೆ ಸಂಕ್ಷಿಪ್ತವಾಗಿ ಹೀಗಿದೆ. ಗಾಥಮ್ ಎಂಬ ಕಲ್ಪಿತ ನಗರದಲ್ಲಿ ಬ್ಯಾಟ್‌ಮನ್, ಪೊಲೀಸ್ ಅಧಿಕಾರಿ ಗಾರ್ಡನ್ ಮತ್ತು ಸರಕಾರಿ ವಕೀಲ ಹಾರ್ವೆ ಡೆಂಟ್ ಸೇರಿ ಪಾತಕಿಗಳ ಕೂಟವನ್ನು ಮುರಿಯಲು ಹೊರಡುತ್ತಾರೆ. ಅಲ್ಲಿಗೆ ಜೋಕರ್ ಬರುತ್ತಾನೆ. ಅವನಿಗೆ ಹಣ ಬೇಡ. ಗುಡ್ಡೆ ಹಾಕಿದ ನೋಟುಗಳಿಗೆ ಅವನೇ ಬೆಂಕಿಯಿಡುತ್ತಾನೆ. ಮನುಷ್ಯರ ಸಭ್ಯತೆ ಬರಿಯ ತೊಗಲು, ಸ್ವಲ್ಪ ಕೆರೆದರೆ ಒಳಗಿನ ಮೃಗ ಹೊರಬರುತ್ತದೆ ಎಂದು ಸಾಧಿಸಿ ತೋರಿಸುವುದೊಂದೇ ಅವನ ಹಟ. ಅವನ ಸಂಚಿನಿಂದ ಡೆಂಟ್ ತಾನು ಪ್ರೀತಿಸಿದ ರೇಚಲ್‌ಳನ್ನೂ, ತನ್ನ ಅರ್ಧ ಮುಖವನ್ನೂ, ಕೊನೆಗೆ ತನ್ನ ನ್ಯಾಯಬುದ್ಧಿಯನ್ನೂ ಕಳೆದುಕೊಂಡು ಕೊಲೆಗಾರನಾಗುತ್ತಾನೆ.

ಆ ರಾತ್ರಿ ಮೊದಲು ಮಾತೆತ್ತಿದವರು ಮನೆಯ ಹಿರಿಯರಾದ ಅಜ್ಜಿ. ‘ಇಂಥಾದ್ದು ಮಕ್ಕಳ ಮುಂದ ಯಾಕ ಹಚ್ಚತೀರಿ?’ ಎಂದು ಅವರು ಗದರಿದರು. ಇದು ಹಳೆಯ ಕಾಲದವರ ಅಂಜಿಕೆ ಎಂದು ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನಲ್ಲಿ ಈ ಚಿತ್ರವನ್ನು ಹನ್ನೆರಡು ವರ್ಷದೊಳಗಿನವರೂ ದೊಡ್ಡವರ ಜೊತೆಯಲ್ಲಿ ನೋಡಬಹುದೆಂದು ಪ್ರಮಾಣಪತ್ರ ಕೊಟ್ಟಾಗ ಅಲ್ಲಿನ ಮಂಡಳಿಗೆ ನೂರಾರು ದೂರುಗಳು ಬಂದವು. ಪರದೆಯ ಮೇಲೆ ರಕ್ತ ಹೆಚ್ಚಿಲ್ಲ ಎಂಬುದು ನಿಜ. ಆದರೆ ಭಯ ರಕ್ತದಿಂದ ಮಾತ್ರ ಹುಟ್ಟುವುದಿಲ್ಲ. ಜೋಕರ್ ಬರುವ ಮುನ್ನ ತಂತಿವಾದ್ಯದ ಒಂದೇ ಸ್ವರ ಸಣ್ಣಗೆ ಆರಂಭವಾಗಿ, ಎಳೆದು, ಬಿಗಿಯಾಗುತ್ತ ಹೋಗುತ್ತದೆ. ಏನೂ ನಡೆಯುವ ಮೊದಲೇ ಕೈ ಬೆವರುತ್ತದೆ. ಎಂಟು ಹತ್ತು ವರ್ಷದ ಮಗುವಿಗೆ ಇದು ಸಲ್ಲದು ಎಂಬ ಅಜ್ಜಿಯ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ.

ಎರಡನೆಯ ಅಭಿಪ್ರಾಯ ಪೊಲೀಸ್ ಇಲಾಖೆಯಲ್ಲಿರುವ ಒಬ್ಬ ಬಂಧುವಿನದು. ‘ಕಾಯ್ದೆ ಹಿಡಕೊಂಡು ಕುಂತ್ರ ಇಂಥವರು ಸಿಗಂಗಿಲ್ರಿ’ ಎಂದರು ಅವರು. ಚಿತ್ರದಲ್ಲಿ ಬ್ಯಾಟ್‌ಮನ್ ಇಡೀ ನಗರದ ಫೋನುಗಳನ್ನು ಗುಟ್ಟಾಗಿ ತನ್ನ ಕಣ್ಣು ಕಿವಿಗಳನ್ನಾಗಿ ಮಾಡಿಕೊಂಡು ಜೋಕರನ ಜಾಡು ಹಿಡಿಯುತ್ತಾನೆ. 2008ರಲ್ಲಿಯೇ ಅಮೆರಿಕದ ಲೇಖಕ ಆಂಡ್ರೂ ಕ್ಲಾವನ್ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯಲ್ಲಿ ಬರೆಯುತ್ತ, ಇದು ಭಯೋತ್ಪಾದನೆಯ ವಿರುದ್ಧ ಅಧ್ಯಕ್ಷ ಬುಷ್ ನಡೆಸಿದ ಹೋರಾಟಕ್ಕೆ ಸಲ್ಲಿಸಿದ ಪ್ರಶಂಸೆ ಎಂದು ವಾದಿಸಿದ್ದರು. ಆದರೆ ಚಿತ್ರವನ್ನು ಗಮನವಿಟ್ಟು ನೋಡಿದವರಿಗೆ ಅದು ಅಷ್ಟು ಸರಳವಾಗಿ ಕಾಣದು. ಆ ಯಂತ್ರವನ್ನು ನಡೆಸಬೇಕಾದ ವೃದ್ಧ ಲೂಸಿಯಸ್ ಫಾಕ್ಸ್, ಇಂಥ ಅಧಿಕಾರ ಒಬ್ಬನ ಕೈಯಲ್ಲಿರುವುದು ತಪ್ಪು ಎಂದು ನೇರವಾಗಿ ಹೇಳುತ್ತಾನೆ. ಈ ಒಂದು ಬಾರಿ ಸಹಾಯ ಮಾಡಿ, ಯಂತ್ರ ಉಳಿದರೆ ತಾನು ಉಳಿಯುವುದಿಲ್ಲ ಎಂದು ಷರತ್ತು ಹಾಕುತ್ತಾನೆ. ಕೆಲಸ ಮುಗಿದೊಡನೆ ಯಂತ್ರ ನಾಶವಾಗುತ್ತದೆ. ಬಲವನ್ನು ಬಳಸಿದವನು ಅದನ್ನು ಕೆಳಗಿಡಬೇಕು ಎಂಬ ಎಚ್ಚರ ಚಿತ್ರಕ್ಕೆ ಇದೆ.

ಮೂರನೆಯ ಅಭಿಪ್ರಾಯ ನನ್ನ ತಂಗಿಯ ಮಗನದು. ಕಾಲೇಜಿಗೆ ಹೋಗುವ ಹುಡುಗ. ಅವನ ಫೋನಿನ ಪರದೆಯ ಮೇಲೆ ಜೋಕರನ ಚಿತ್ರವಿದೆ. ‘ಅಂವ ಒಬ್ಬಾಂವೇ ಖರೇ ಹೇಳಲತ್ತಾನ ಮಾಮಾ, ಉಳಿದವರೆಲ್ಲಾ ಮುಚ್ಚಿಡಲತ್ತಾರ’ ಎಂದ ಅವನು. ಹಿರಿಯರಿಗೆ ಈ ಮಾತು ರುಚಿಸಲಿಲ್ಲ. ಜೋಕರನಾಗಿ ನಟಿಸಿದ ಹೀತ್ ಲೆಡ್ಜರ್ ಚಿತ್ರ ಬಿಡುಗಡೆಯಾಗುವ ಮೊದಲೇ, 2008ರ ಜನವರಿ 22ರಂದು, ಔಷಧಗಳ ಅತಿಸೇವನೆಯಿಂದ ಆಕಸ್ಮಿಕವಾಗಿ ತೀರಿಕೊಂಡ. ಆಗ ಅವನಿಗೆ ಇಪ್ಪತ್ತೆಂಟು ವರ್ಷ. ಮರುವರ್ಷ ಆಸ್ಕರ್ ಪ್ರಶಸ್ತಿಯನ್ನು ಅವನ ತಂದೆತಾಯಿ ಮತ್ತು ಸಹೋದರಿ ಸ್ವೀಕರಿಸಿದರು. ಆ ಸಾವು ಪಾತ್ರದ ಸುತ್ತ ಒಂದು ಮೋಹವನ್ನು ಹೆಣೆದದ್ದು ಸುಳ್ಳಲ್ಲ. 2012ರ ಜುಲೈ 20ರಂದು ಇದೇ ಸರಣಿಯ ಮುಂದಿನ ಚಿತ್ರದ ನಡುರಾತ್ರಿಯ ಪ್ರದರ್ಶನದಲ್ಲಿ, ಅಮೆರಿಕದ ಅರೋರಾ ಪಟ್ಟಣದಲ್ಲಿ, ಬಂದೂಕುಧಾರಿಯೊಬ್ಬ ಹನ್ನೆರಡು ಮಂದಿಯನ್ನು ಕೊಂದ. ಆ ಪಾತಕವನ್ನು ಚಿತ್ರದ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಈ ಸರಣಿಯ ಬಗ್ಗೆ ಮಾತನಾಡುವಾಗ ಆ ಹನ್ನೆರಡು ಜೀವಗಳನ್ನು ಮರೆಯಲೂ ಬಾರದು.

ಜೋಕರ್ ನಿಜ ಹೇಳುವವನೇ? ಖಂಡಿತ ಅಲ್ಲ. ತನ್ನ ಬಾಯಿಯ ಗಾಯದ ಕಥೆಯನ್ನು ಅವನು ಎರಡು ಬಾರಿ ಎರಡು ಬಗೆಯಾಗಿ ಹೇಳುತ್ತಾನೆ. ಡೆಂಟ್ ಮತ್ತು ರೇಚಲ್‌ರನ್ನು ಅಡಗಿಸಿದ ವಿಳಾಸಗಳನ್ನು ಬೇಕೆಂದೇ ಅದಲುಬದಲು ಮಾಡುತ್ತಾನೆ. 2019ರ ‘ಜೋಕರ್’ ಚಿತ್ರ ಈ ಪಾತ್ರಕ್ಕೆ ಬಡತನ, ಅವಮಾನ, ರೋಗಗಳ ಹಿನ್ನೆಲೆಯನ್ನು ಕೊಟ್ಟು ಮರುಕ ಹುಟ್ಟಿಸಿತು. ನೋಲನ್ ಅದನ್ನು ಬೇಕೆಂದೇ ಕೊಡಲಿಲ್ಲ. ಅವನ ಜೋಕರಿಗೆ ಊರಿಲ್ಲ, ಹೆಸರಿಲ್ಲ, ನೆನಪೂ ಇಲ್ಲ. ಅವನಲ್ಲಿ ಹುಡುಗರು ಕಾಣುವ ‘ಖರೇತನ’ ಅವನದಲ್ಲ. ಸುತ್ತಲಿನ ದೊಡ್ಡವರು ಮುಚ್ಚಿಟ್ಟದ್ದನ್ನು ಅವನು ಎತ್ತಿ ತೋರಿಸುವುದರಿಂದ ಹಾಗೆ ತೋರುತ್ತದೆ, ಅಷ್ಟೆ.

ಜೋಕರನ ವಾದಕ್ಕೆ ಚಿತ್ರ ಕೊಡುವ ನಿಜವಾದ ಉತ್ತರ ಬ್ಯಾಟ್‌ಮನ್‌ನ ಹೊಡೆತದಲ್ಲಿಲ್ಲ, ಎರಡು ದೋಣಿಗಳ ದೃಶ್ಯದಲ್ಲಿದೆ. ಒಂದರಲ್ಲಿ ಊರಿನ ಗೃಹಸ್ಥರು, ಇನ್ನೊಂದರಲ್ಲಿ ಸೆರೆಯಾಳುಗಳು. ಎರಡರಲ್ಲಿಯೂ ಸಿಡಿಮದ್ದು ತುಂಬಿದೆ. ಒಂದನ್ನು ಸಿಡಿಸುವ ಗುಂಡಿ ಇನ್ನೊಂದರವರ ಕೈಯಲ್ಲಿದೆ. ನಡುರಾತ್ರಿಯೊಳಗೆ ಯಾರೂ ಒತ್ತದಿದ್ದರೆ ಎರಡನ್ನೂ ತಾನೇ ಸಿಡಿಸುವೆನೆಂದು ಜೋಕರ್ ಹೇಳಿದ್ದಾನೆ. ಗೃಹಸ್ಥರು ಮತ ಹಾಕುತ್ತಾರೆ; ಒತ್ತಬೇಕೆಂಬುದಕ್ಕೇ ಬಹುಮತ. ಆದರೆ ಒತ್ತಲು ಮುಂದೆ ಬಂದವನ ಕೈ ಏಳುವುದಿಲ್ಲ. ಇತ್ತ, ನೋಡಿದರೆ ನಡುಕ ಹುಟ್ಟಿಸುವಂಥ ದೈತ್ಯ ಕೈದಿಯೊಬ್ಬ ಅಧಿಕಾರಿಯ ಕೈಯಿಂದ ಗುಂಡಿಯನ್ನು ತೆಗೆದುಕೊಂಡು ಕಿಟಕಿಯಿಂದ ನೀರಿಗೆ ಎಸೆದು, ಸುಮ್ಮನೆ ತನ್ನ ಜಾಗಕ್ಕೆ ಹೋಗಿ ಕುಳಿತುಕೊಳ್ಳುತ್ತಾನೆ. ಆ ಕ್ಷಣ ನಮ್ಮ ಮನೆಯಲ್ಲಿ ಎಲೆಯಡಿಕೆಯ ಸದ್ದೂ ನಿಂತಿತ್ತು. ಸಾಮಾನ್ಯ ಜನರು, ಅಪರಾಧಿಗಳೂ ಕೂಡ, ಸಾವಿನ ಎದುರಿನಲ್ಲಿ ಒಳಿತನ್ನು ಆರಿಸಬಲ್ಲರು ಎಂದು ಚಿತ್ರ ತೋರಿಸಿಯೇಬಿಟ್ಟಿತು.

ನನ್ನ ಆಕ್ಷೇಪಣೆ ಇರುವುದು ಇದರ ನಂತರದ ಹತ್ತು ನಿಮಿಷಗಳ ಬಗ್ಗೆ. ಡೆಂಟ್ ಸತ್ತಾಗ ಅವನ ಕೊಲೆಗಳು ಬಯಲಾದರೆ ನಗರ ಭರವಸೆ ಕಳೆದುಕೊಳ್ಳುತ್ತದೆಂದು ಬ್ಯಾಟ್‌ಮನ್ ಮತ್ತು ಗಾರ್ಡನ್ ನಿರ್ಧರಿಸುತ್ತಾರೆ. ಡೆಂಟನ ಪಾತಕಗಳನ್ನು ಬ್ಯಾಟ್‌ಮನ್ ತನ್ನ ಮೇಲೆ ಹಾಕಿಕೊಂಡು ಓಡುತ್ತಾನೆ. ಅದೇ ಹೊತ್ತಿಗೆ ಮನೆಯ ಸೇವಕ ಆಲ್ಫ್ರೆಡ್, ರೇಚಲ್ ಬರೆದಿಟ್ಟ ನಿಜದ ಪತ್ರವನ್ನು ತನ್ನ ಒಡೆಯನಿಗೆ ನೋವಾದೀತೆಂದು ಸುಟ್ಟುಬಿಡುತ್ತಾನೆ. ಹಿನ್ನೆಲೆಯ ಸಂಗೀತ ಇವೆಲ್ಲವನ್ನೂ ತ್ಯಾಗವೆಂದು ಕೊಂಡಾಡುತ್ತದೆ. ದೋಣಿಗಳಲ್ಲಿದ್ದ ಜನರು ಸಾವನ್ನೇ ಎದುರಿಸಿದರು. ಅದೇ ಜನರು ಒಂದು ಸತ್ಯವನ್ನು ತಾಳಲಾರರೆಂದು ಅವರ ರಕ್ಷಕರು ತೀರ್ಮಾನಿಸಿದರು. ಜನರ ಬಗ್ಗೆ ಜೋಕರಿಗೆ ಇದ್ದ ಅಪನಂಬಿಕೆ ಬೇರೆ ರೂಪದಲ್ಲಿ ನಾಯಕರ ಬಾಯಿಂದಲೇ ಬಂದಂತಾಯಿತು. ನೋಲನ್ನನಿಗೂ ಇದು ಹೊಳೆದಿರಬೇಕು. 2012ರ ‘ದಿ ಡಾರ್ಕ್ ನೈಟ್ ರೈಸಸ್’ ಚಿತ್ರದಲ್ಲಿ ಎಂಟು ವರ್ಷಗಳ ಬಳಿಕ ಆ ಸುಳ್ಳಿನ ಮೇಲೆ ಒಂದು ಕಠಿಣ ಕಾನೂನೇ ನಿಂತಿರುತ್ತದೆ. ಗಾರ್ಡನ್ ಬರೆದಿಟ್ಟು ಓದಲಾರದೆ ಹೋದ ತಪ್ಪೊಪ್ಪಿಗೆಯನ್ನು ಶತ್ರುವೇ ಸೆರೆಮನೆಯ ಮುಂದೆ ಗಟ್ಟಿಯಾಗಿ ಓದುತ್ತಾನೆ. ನಾವು ಹೇಳದ ಸತ್ಯವನ್ನು ನಮ್ಮ ಹಗೆ ಹೇಳುವಾಗ ಅದು ಆಯುಧವಾಗುತ್ತದೆ.

ಬಸವಕಲ್ಯಾಣದಿಂದ ಬಂದಿದ್ದ ಧರ್ಮೋಪದೇಶಕರೊಬ್ಬರು ಆ ರಾತ್ರಿ ಬೇರೊಂದು ದೃಷ್ಟಿಯಿಟ್ಟರು: ಅನ್ಯರ ಪಾಪವನ್ನು ತನ್ನ ಮೇಲೆ ಹೊತ್ತ ಬ್ಯಾಟ್‌ಮನ್‌ನಲ್ಲಿ ಕ್ರಿಸ್ತರ ಛಾಯೆಯಿಲ್ಲವೇ? ಪ್ರಶ್ನೆ ಸೊಗಸಾದುದು. ಆದರೆ ಶಿಲುಬೆ ಯಾರ ಪಾಪವನ್ನೂ ಮುಚ್ಚಿಡಲಿಲ್ಲ, ಊರ ಹೊರಗೆ ಎಲ್ಲರ ಕಣ್ಣೆದುರು ಬಯಲಿಗಿಟ್ಟಿತು. ಶುಭಸಂದೇಶವನ್ನು ಬರೆದವರ ಮುಂದೆಯೂ ಗಾಥಮ್ಮಿನ ಪ್ರಶ್ನೆಯೇ ಇತ್ತು. ಪೇತ್ರರು ಧರ್ಮಸಭೆಯ ಮುಂದಾಳು. ಅವರು ಗುರುವನ್ನು ಮೂರು ಬಾರಿ ಅರಿಯೆನೆಂದದ್ದು ತಿಳಿದರೆ ವಿಶ್ವಾಸಿಗಳ ಎದೆ ಕುಸಿದೀತೆಂದು ಅವರು ಅದನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ನಾಲ್ವರೂ ಬರೆದರು. ಇಂದಿಗೂ ತಪಸ್ಸುಕಾಲದಲ್ಲಿ ನಾವು ಅದನ್ನು ಮಕ್ಕಳ ಎದುರಿಗೇ ಓದುತ್ತೇವೆ.

ಕಲ್ಯಾಣದ ನೆಲಕ್ಕೂ ಇದು ಹೊಸ ಪಾಠವಲ್ಲ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ವಿವಾಹ, ತಂದೆಯರಿಬ್ಬರಿಗೂ ಬಂದ ಮರಣದಂಡನೆ, ಬಿಜ್ಜಳನ ಕೊಲೆ, ಶರಣರು ದಿಕ್ಕಾಪಾಲಾದದ್ದು, ಇವು ಯಾವುದನ್ನೂ ಈ ನಾಡು ಮರೆಮಾಚಲಿಲ್ಲ. ಲಂಕೇಶರ ‘ಸಂಕ್ರಾಂತಿ’, ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ ನಾಟಕಗಳು ಆ ಸೋಲನ್ನೇ ಮತ್ತೆ ಮತ್ತೆ ಕೆದಕಿ ನೋಡಿವೆ. ಇಲ್ಲಿ ಹರಳಯ್ಯನ ಗವಿಗೆ ಹೋಗುವ ಬಾಲಕನಿಗೂ ಅವನು ಹೇಗೆ ಸತ್ತನೆಂಬುದು ತಿಳಿದಿದೆ. ಕುಸಿದ ನಗರವೊಂದು ಎಂಟುನೂರು ವರ್ಷಗಳ ನಂತರವೂ ಜನರಿಗೆ ಭರವಸೆಯಾಗಿ ಉಳಿದಿದ್ದರೆ, ಸೋಲನ್ನು ಅಡಗಿಸಿದ್ದರಿಂದ ಅಲ್ಲ.

ಇಷ್ಟು ಬರೆಯುವಾಗ ನನ್ನ ಕೈ ತಡೆಯುತ್ತದೆ. ಕೆಲವು ವರ್ಷಗಳ ಹಿಂದೆ ನಾನಿದ್ದ ಬೇರೊಂದು ಊರಿನ ಧರ್ಮಕೇಂದ್ರದಲ್ಲಿ ದುರಸ್ತಿ ನಿಧಿಯ ಲೆಕ್ಕದಲ್ಲಿ ಹಣ ಕಡಿಮೆ ಬಂತು. ಯಾರಿಂದಾಯಿತೆಂದು ಸಮಿತಿಯ ಐದಾರು ಮಂದಿಗೆ ಗೊತ್ತಿತ್ತು. ಅವರಲ್ಲಿ ನಾನೂ ಒಬ್ಬ. ಆ ವ್ಯಕ್ತಿಯ ಬಗ್ಗೆ ಎಲ್ಲರಿಗೂ ಗೌರವವಿತ್ತು. ಜನರ ವಿಶ್ವಾಸ ಕೆಡಬಾರದೆಂದು ನಾವು ನಮ್ಮ ಕಿಸೆಯಿಂದ ತುಂಬಿ, ಲೆಕ್ಕ ಸರಿಯಿದೆ ಎಂದು ಪೂಜೆಯ ನಂತರ ಓದಿದೆವು. ಓದಿದವನು ನಾನೇ. ಅಂದು ಅದು ನನಗೆ ತ್ಯಾಗವೆಂದೇ ತೋರಿತ್ತು. ಆಗ ನನ್ನ ತಂಗಿಯ ಮಗ ನಮ್ಮ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದ. ಮುಂದಿನ ವರ್ಷದಿಂದ ಅವನು ಪೂಜೆಗೆ ಬರುವುದನ್ನು ಕಡಿಮೆ ಮಾಡಿದ. ಹರೆಯದ ಉದಾಸೀನ ಎಂದುಕೊಂಡೆವು.

ಹೆತ್ತವರಿಗೆ ನನ್ನ ವಿನಂತಿ ಇಷ್ಟೇ. ಚಿಕ್ಕ ಮಕ್ಕಳಿಗೆ ಈ ಚಿತ್ರ ಬೇಡ. ಪ್ರೌಢಶಾಲೆ ಮುಗಿಸಿದ ಮಕ್ಕಳಿದ್ದರೆ ಅವರ ಜೊತೆಯಲ್ಲಿಯೇ ಕುಳಿತು ನೋಡಿರಿ. ಜೋಕರ್ ಅವರಿಗೇಕೆ ಮೆಚ್ಚುಗೆಯಾದನೆಂದು ಗದರದೆ ಕೇಳಿರಿ. ದೋಣಿಯ ದೃಶ್ಯದ ಬಗ್ಗೆ ಮಾತನಾಡಿರಿ. ಕೊನೆಯ ಸುಳ್ಳು ಸರಿಯೇ ಎಂದೂ ಕೇಳಿರಿ. ಉತ್ತರವನ್ನು ಕೇಳಿಸಿಕೊಳ್ಳುವಷ್ಟು ಸಿದ್ಧರಾಗಿಯೂ ಇರಿ.

ಮರುದಿನ ಬೆಳಿಗ್ಗೆ ಬಸವಕಲ್ಯಾಣದ ಬಸ್ಸಿಗಾಗಿ ಹುಮನಾಬಾದಿನ ನಿಲ್ದಾಣದಲ್ಲಿ ಅವನೂ ನಾನೂ ನಿಂತಿದ್ದೆವು. ಆ ಲೆಕ್ಕದ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ಅವನಿಗೆ ಹೇಳಿದೆ. ಆ ಊರಿನ ಗುರುಗಳಿಗೂ ಸಮಿತಿಗೂ ಪತ್ರ ಬರೆಯುತ್ತೇನೆಂದೂ ಹೇಳಿದೆ. ಅವನು ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡುತ್ತಿದ್ದ.

‘ನನಗ ಆವಾಗೇ ಗೊತ್ತಿತ್ತು ಮಾಮಾ,’ ಎಂದ. ‘ನೀವು ಯಾವಾಗ ಹೇಳ್ತೀರಿ ಅಂತ ನೋಡಲತ್ತಿದ್ದೆ.’