ಕರೆಗೆ ಮೊದಲ ಮಣೆ

ಶಿವಮೊಗ್ಗದಲ್ಲೊಂದು ಹೊಸಮನೆ ಬಡಾವಣೆ, ಭದ್ರಾವತಿಯಲ್ಲೊಂದು ಹೊಸಮನೆ ಬಡಾವಣೆ. ಎರಡೂ ಕಡೆ, ಮಕ್ಕಳು ಬೆಂಗಳೂರಲ್ಲೋ ವಿದೇಶದಲ್ಲೋ ಇರುವ ಮನೆಗಳಲ್ಲಿ ದೂರು ಮಾತ್ರ ಒಂದೇ: ಫೈಬರ್ ಹಾಕಿಸಿದರೂ ವಾಟ್ಸ್ಆ್ಯಪ್ ಕರೆ ಕಟ್ ಕಟ್ ಆಗುತ್ತದೆ. ರೂಟರ್ ಸೆಟ್ಟಿಂಗ್ಸ್‌ನಲ್ಲಿ ‘ಕ್ಯೂಒಎಸ್’ (ಯಾವುದಕ್ಕೆ ಮೊದಲ ಆದ್ಯತೆ ಎಂದು ಹೇಳುವ ಆಯ್ಕೆ) ಆನ್ ಮಾಡಿ, ಫೋನಿಗೆ ‘ಹೈ’ ಕೊಡಿ ಎನ್ನುವುದು ಬಲ್ಲವರ ಸಲಹೆ. ತಪ್ಪಲ್ಲ, ಆದರೆ ಅರ್ಧ ಸಲಹೆ.

ಕರೆಗೆ ವೇಗ ಹೆಚ್ಚು ಬೇಡ, ಹೊತ್ತಿಗೆ ಸರಿಯಾಗಿ ತಲುಪಿದರೆ ಸಾಕು. ಹಳೆಯ ಜಿ.711 ಪದ್ಧತಿಯಲ್ಲಿ ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕು ಮಾಡಿ ಸೆಕೆಂಡಿಗೆ 50 ಪ್ಯಾಕೆಟ್ ಕಳಿಸುತ್ತಾರೆ. ವಿಳಾಸ ಗಿಳಾಸ ಎಲ್ಲ ಸೇರಿದರೂ ಸೆಕೆಂಡಿಗೆ 100 ಕಿಲೋಬಿಟ್ ದಾಟದು. ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡ್ ಮೀರದಿದ್ದರೆ ಮಾತುಕತೆ ಸಲೀಸು ಎನ್ನುತ್ತದೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು.

ಅದೇ ಹೊತ್ತಿಗೆ ಮದುವೆಯ ವಿಡಿಯೊ ಗೂಗಲ್ ಡ್ರೈವ್‌ಗೆ ಏರುತ್ತಿದೆ ಎನ್ನಿ. ಅಪ್‌ಲೋಡ್ ವೇಗ ಸೆಕೆಂಡಿಗೆ 10 ಮೆಗಾಬಿಟ್, ಸಾಲಿನಲ್ಲಿ ನಿಂತದ್ದು 512 ಕಿಲೋಬೈಟ್. ಅದು ಖಾಲಿಯಾಗಲು ಸುಮಾರು 0.4 ಸೆಕೆಂಡ್ ಬೇಕು. ಹಿಂದೆ ಬಂದ ‘ಹಲೋ’ ಅಷ್ಟೂ ಹೊತ್ತು ಕಾಯುತ್ತದೆ. ಅತ್ತ ಅಮ್ಮ, ಇತ್ತ ಮಗಳು ಒಟ್ಟಿಗೇ ಮಾತು ಶುರು ಮಾಡಿ ಒಟ್ಟಿಗೇ ಸುಮ್ಮನಾಗುವುದು ಇದರಿಂದಲೇ.

ಸಾಲು ನಿಲ್ಲುವುದು ಎಲ್ಲಿ ಎಂಬುದನ್ನು ಕ್ಯೂಒಎಸ್ ಸಲಹೆ ಹೇಳುವುದೇ ಇಲ್ಲ. ರೂಟರ್ ತನ್ನ ಪಾಡಿಗೆ ಗಿಗಾಬಿಟ್ ವೇಗದಲ್ಲಿ ತಳ್ಳುತ್ತಿದ್ದರೆ ಪ್ಯಾಕೆಟ್‌ಗಳು ಅದರಲ್ಲಿ ನಿಲ್ಲುವುದೇ ಇಲ್ಲ. ಮುಂದಿನ ಫೈಬರ್ ಡಬ್ಬಿಯಲ್ಲಿ ಗುಡ್ಡೆ ಬೀಳುತ್ತವೆ. ಸಾಲೇ ಇಲ್ಲದ ಕಡೆ ‘ಹೈ’ ಕೊಟ್ಟು ಏನು ಬಂತು? ಪ್ಯಾಕೆಟ್ ಮೇಲೆ 46 ಎಂಬ ಆದ್ಯತೆಯ ಗುರುತು ಹಚ್ಚಿದರೂ ಮನೆ ದಾಟಿದ ಮೇಲೆ ಅದನ್ನು ಮಾನ್ಯ ಮಾಡುವ ಹಂಗು ಇಂಟರ್ನೆಟ್ ಕಂಪನಿಗಿಲ್ಲ. ಇನ್ನು ಫೋನಿಗೇ ‘ಹೈ’ ಕೊಟ್ಟರೆ ಅದರಲ್ಲಿ ಓಡುವ ರೀಲ್ಸ್‌ಗೂ ರಾಜಮರ್ಯಾದೆ! ಕಂಪನಿಯೇ ಫೈಬರ್ ಮೇಲೆ ಕೊಡುವ ಲ್ಯಾಂಡ್‌ಲೈನ್ ಈ ಗೋಜಲಿಗೆ ಸಿಗದಿರಲು ಕಾರಣ, ಅದರ ಮಾತಿಗೆ ಸಾಮಾನ್ಯವಾಗಿ ಬೇರೆಯೇ ದಾರಿ ಇರುತ್ತದೆ.

ಮೊದಲು ಆಗಬೇಕಾದ ಕೆಲಸ ಮಿತಿ ಹಾಕುವುದು. ನಿಜವಾಗಿ ಸಿಗುವ ವೇಗಕ್ಕಿಂತ ಶೇ 10ರಷ್ಟು ಕಡಿಮೆಗೆ ಅಪ್‌ಲೋಡನ್ನೂ ಡೌನ್‌ಲೋಡನ್ನೂ ಕಟ್ಟಿದರೆ ಸಾಲು ನಿಮ್ಮ ರೂಟರ್‌ಗೇ ಬರುತ್ತದೆ. ಅಲ್ಲಿ ಆ ಸಾಲನ್ನು ನಿಭಾಯಿಸುವ, 2018ರಲ್ಲಿ ಆರ್‌ಎಫ್‌ಸಿ 8290 ಎಂಬ ಇಂಟರ್ನೆಟ್ ದಸ್ತಾವೇಜಾಗಿ ದಾಖಲಾದ ‘ಎಫ್‌ಕ್ಯೂ ಕೋಡೆಲ್’ ವಿಧಾನ, ಯಾರು ಕರೆ ಯಾರು ವಿಡಿಯೊ ಎಂದು ವಿಚಾರಿಸದೆ, ಕಡಿಮೆ ಕಳಿಸುವವರನ್ನು ಮುಂದೆ ಬಿಡುತ್ತದೆ. ಆದ್ಯತೆಯ ಪಟ್ಟಿಗಿಂತ ಇದು ಎಷ್ಟೋ ವಾಸಿ. ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶ ಹಾಕಿದ ರೂಟರ್‌ಗಳಲ್ಲಿ ಇದು ಪುಕ್ಕಟೆ ಸಿಗುತ್ತದೆ. ಕೊರತೆಯೂ ಉಂಟು: ಅಗ್ಗದ ರೂಟರ್‌ನ ಪ್ರೊಸೆಸರ್ ಹೆಚ್ಚಿನ ವೇಗದಲ್ಲಿ ಸುಸ್ತಾಗುತ್ತದೆ. ಎರಡು ಗೋಡೆಯಾಚೆ ವೈಫೈ ಸಿಗದಿದ್ದರೆ ಈ ಯಾವ ಉಪಾಯವೂ ನಡೆಯದು.

ಮುಂದಿನ ಸಲ ರೂಟರ್ ಕೊಳ್ಳುವಾಗ ಆಂಟೆನಾ ಎಣಿಸಬೇಡಿ. ವೇಗಕ್ಕೆ ಮಿತಿ ಹಾಕಲು ಬರುತ್ತದೆಯೇ ಎಂದು ಅಂಗಡಿಯವರನ್ನು ಕೇಳಿ.